ಕಾಗದದಲ್ಲಿ 22, ಮೈದಾನದಲ್ಲಿ 12

ಗಾಲ್ಫ್ ಪಂದ್ಯಾವಳಿಗಳಲ್ಲಿ ಅಂಕಗಳ ಪ್ರಾಮಾಣಿಕತೆಯ ಕುರಿತು ಬಂದಿರುವ ನಾಲ್ಕು ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಪತ್ರ ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಡಲಾಗಿದೆ.

ಪ್ರಶ್ನೆ: ನಮ್ಮ ಕ್ಲಬ್ಬಿನ ವಾರ್ಷಿಕ ಪಂದ್ಯಾವಳಿಯಲ್ಲಿ 22 ಹ್ಯಾಂಡಿಕ್ಯಾಪ್ (ಆಟದ ಮಟ್ಟಕ್ಕೆ ತಕ್ಕಂತೆ ಸಿಗುವ ಹೊಡೆತಗಳ ರಿಯಾಯಿತಿ, ಕಡಿಮೆಯಿದ್ದಷ್ಟೂ ಆಟ ಉತ್ತಮ) ಹೊಂದಿರುವ ಸದಸ್ಯರೊಬ್ಬರು ಸ್ಟೇಬಲ್‌ಫೋರ್ಡ್ ಪದ್ಧತಿಯಲ್ಲಿ (ಹೊಡೆತಗಳ ಲೆಕ್ಕವನ್ನು ಅಂಕಗಳಾಗಿ ಬದಲಿಸುವ, ಹೆಚ್ಚು ಅಂಕ ಪಡೆದವರು ಗೆಲ್ಲುವ ಪದ್ಧತಿ) 44 ಅಂಕ ಗಳಿಸಿ ಗೆದ್ದರು. ಭಾನುವಾರದ ಆಟಗಳಲ್ಲಿ ಅವರು ಇಷ್ಟೇ ಚೆನ್ನಾಗಿ ಆಡುವುದನ್ನು ಹಲವರು ನೋಡಿದ್ದೇವೆ. ಆದರೆ ಪಂದ್ಯದ ದಿನ ಅವರು ಒಂದು ಹೊಡೆತವನ್ನೂ ತಪ್ಪಾಗಿ ಬರೆಯಲಿಲ್ಲ. ಇದನ್ನು ಮೋಸವೆನ್ನಬಹುದೇ?
(ಓದುಗರು, ಮೈಸೂರು)

ಉತ್ತರ: ಎನ್ನಬಹುದು, ಆದರೆ ಆ ಒಂದು ಅಂಕದ ಕಾರ್ಡನ್ನು ಹಿಡಿದುಕೊಂಡು ಅಲ್ಲ. ನೀವು ಹೇಳುವ ಮೋಸ ನಡೆದಿದ್ದರೆ ಅದು ನಡೆದಿರುವುದು ಪಂದ್ಯಕ್ಕೆ ಮೊದಲಿನ ತಿಂಗಳುಗಳಲ್ಲಿ, ಯಾರೂ ಗಮನಿಸದ ಸಾದಾ ಸುತ್ತುಗಳಲ್ಲಿ.

ಸ್ಟೇಬಲ್‌ಫೋರ್ಡ್ ಪದ್ಧತಿಯಲ್ಲಿ 36 ಅಂಕ ಬಂದರೆ ಆಟಗಾರ ತನ್ನ ಹ್ಯಾಂಡಿಕ್ಯಾಪ್‌ಗೆ ಸರಿಯಾಗಿ ಆಡಿದ್ದಾನೆ ಎಂದು ಸುಮಾರಾಗಿ ತಿಳಿಯಬಹುದು. 44 ಎಂದರೆ ಅದಕ್ಕಿಂತ ಎಂಟು ಹೊಡೆತ ಉತ್ತಮ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಇತ್ತೀಚಿನ 20 ಸುತ್ತುಗಳ ಪೈಕಿ ಅತ್ಯುತ್ತಮವಾದ 8ನ್ನು ಮಾತ್ರ ಆರಿಸಿ ಸರಾಸರಿ ತೆಗೆಯುತ್ತಾರೆ. ಆದ್ದರಿಂದ ಹ್ಯಾಂಡಿಕ್ಯಾಪ್ ನಮ್ಮ ಎಂದಿನ ಆಟವನ್ನು ತೋರಿಸುವುದಿಲ್ಲ, ನಮ್ಮ ಒಳ್ಳೆಯ ದಿನಗಳ ಆಟವನ್ನು ತೋರಿಸುತ್ತದೆ. ಪ್ರಾಮಾಣಿಕ ಆಟಗಾರನೊಬ್ಬ ಅದನ್ನು ಮುಟ್ಟುವುದೇ ನಾಲ್ಕೈದು ಸುತ್ತಿಗೊಮ್ಮೆ. ಎಂಟು ಹೊಡೆತ ಮೀರುವುದು ತೀರಾ ಅಪರೂಪ. ಅದೂ ಸರಿಯಾಗಿ ಬಹುಮಾನದ ದಿನವೇ, ಮತ್ತೆ ಮತ್ತೆ ಆಗುತ್ತಿದ್ದರೆ ಅದನ್ನು ಅದೃಷ್ಟವೆಂದು ಒಪ್ಪುವುದು ಕಷ್ಟ.

ಇದಕ್ಕೆ ಗಾಲ್ಫ್ ಆಡುವವರ ಬಾಯಲ್ಲಿ ಸ್ಯಾಂಡ್‌ಬ್ಯಾಗಿಂಗ್ ಎಂಬ ಹೆಸರಿದೆ. ಮಾಡುವ ದಾರಿ ಎರಡು: ಚೆನ್ನಾಗಿ ಆಡಿದ ಸುತ್ತಿನ ಕಾರ್ಡನ್ನು ದಾಖಲೆಗೆ ಕೊಡದೆ ಜೇಬಿನಲ್ಲೇ ಉಳಿಸಿಕೊಳ್ಳುವುದು, ಇಲ್ಲವೇ ದಾಖಲೆಗೆ ಹೋಗುವ ಸುತ್ತಿನಲ್ಲಿ ಮೂರಡಿಯ ಪಟ್‌ಗಳನ್ನು (ಕುಳಿಯ ಸಮೀಪದಿಂದ ಚೆಂಡನ್ನು ಉರುಳಿಸುವ ಹೊಡೆತಗಳನ್ನು) ಬೇಕೆಂದೇ ತಪ್ಪಿಸುವುದು. ಎರಡನೆಯದನ್ನು ಪತ್ತೆ ಮಾಡುವುದು ಬಹಳ ಕಷ್ಟ, ಏಕೆಂದರೆ ಮೂರಡಿಯ ಪಟ್ ತಪ್ಪಿಸುವುದರಲ್ಲಿ ನಮ್ಮೆಲ್ಲರಿಗೂ ಸಹಜ ಪ್ರತಿಭೆಯಿದೆ.

ಪದ್ಧತಿಯನ್ನು ರೂಪಿಸಿದವರಿಗೆ ಇದು ತಿಳಿಯದ ವಿಷಯವಲ್ಲ. ಒಂದು ಹೋಲ್‌ನಲ್ಲಿ (ಟೀ ಎಂಬ ಆರಂಭದ ಜಾಗದಿಂದ ಒಂದು ಕುಳಿಯವರೆಗಿನ ಆಟ) ಹನ್ನೆರಡು ಹೊಡೆದರೂ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಸಿಗುವುದು ಪಾರ್ (ಅದಕ್ಕೆ ನಿಗದಿಯಾದ ಹೊಡೆತಗಳು), ಅದರ ಮೇಲೆ ಎರಡು, ಜೊತೆಗೆ ಆ ಹೋಲ್‌ಗೆ ನಿಮಗೆ ಹ್ಯಾಂಡಿಕ್ಯಾಪ್‌ನಿಂದ ದೊರೆಯುವ ರಿಯಾಯಿತಿ ಹೊಡೆತಗಳು, ಅಷ್ಟೇ. ಹಿಂದಿನ ಹನ್ನೆರಡು ತಿಂಗಳಲ್ಲಿ ನಿಮ್ಮ ಅತಿ ಕಡಿಮೆ ಹ್ಯಾಂಡಿಕ್ಯಾಪ್ ಸೂಚ್ಯಂಕ (ಆ ಸರಾಸರಿಯಿಂದ ಬರುವ ಸಂಖ್ಯೆ) ಎಷ್ಟಿತ್ತೋ ಅದಕ್ಕಿಂತ 3 ಏರಿದ ಮೇಲೆ ಏರಿಕೆಯ ವೇಗ ಅರ್ಧಕ್ಕೆ ಇಳಿಯುತ್ತದೆ. 5ನ್ನು ದಾಟಲು ಬಿಡುವುದೇ ಇಲ್ಲ. ಮೈದಾನದ ಕಠಿಣತೆಯನ್ನು ಲೆಕ್ಕ ಹಾಕಿದ ಮೇಲೂ ಒಂದು ಸುತ್ತು ಸೂಚ್ಯಂಕಕ್ಕಿಂತ 7 ಅಥವಾ ಹೆಚ್ಚು ಉತ್ತಮವಾಗಿದ್ದರೆ ಸೂಚ್ಯಂಕ 1ರಷ್ಟು, 10 ಅಥವಾ ಹೆಚ್ಚಾದರೆ 2ರಷ್ಟು ತಾನಾಗಿಯೇ ಇಳಿಯುತ್ತದೆ. ನಿಮ್ಮ ವಿಜೇತರಿಗೂ ಈ ಕಡಿತ ಆಗಿದೆಯೇ ಎಂದು ಮೊದಲು ನೋಡಿ.

ಆದರೆ 12ರ ಆಟ ಆಡುವವನು 22 ಇಟ್ಟುಕೊಂಡಿದ್ದರೆ ಒಂದೆರಡು ಕಡಿದು ಏನು ಪ್ರಯೋಜನ? ಅಲ್ಲಿ ಕ್ಲಬ್ಬಿನ ಹ್ಯಾಂಡಿಕ್ಯಾಪ್ ಸಮಿತಿ ಕೈಹಾಕಬೇಕು. ಸದಸ್ಯರ ಸೂಚ್ಯಂಕವನ್ನು ಪರಿಶೀಲಿಸಿ ಇಳಿಸುವ ಅಧಿಕಾರ, ಬೇಕೆಂದೇ ತಿರುಚಿದ್ದು ಖಚಿತವಾದರೆ ಅದನ್ನು ಹಿಂತೆಗೆದುಕೊಳ್ಳುವ ಅಧಿಕಾರ ಎರಡೂ ಸಮಿತಿಗಿವೆ. ಸಮಿತಿ ಮಾಡಬೇಕಾದ ಕೆಲಸ ಸರಳ: ಆ ಸದಸ್ಯರ ಪಂದ್ಯದ ಕಾರ್ಡುಗಳನ್ನು ಒಂದು ಕಡೆ, ಸಾದಾ ಸುತ್ತುಗಳ ಕಾರ್ಡುಗಳನ್ನು ಇನ್ನೊಂದು ಕಡೆ ಇಟ್ಟು ನೋಡಬೇಕು, ಅವರು ಆಡಿದ ದಿನಗಳನ್ನು ಆಟದ ಸಮಯ ಕಾಯ್ದಿರಿಸಿದ ಪುಸ್ತಕದೊಂದಿಗೆ ಹೋಲಿಸಬೇಕು. ಆಡಿದ್ದು ಮೂವತ್ತು ಸುತ್ತು, ಕೊಟ್ಟ ಕಾರ್ಡು ಒಂಬತ್ತು ಎಂದಾದರೆ ಬಾರ್‌ನಲ್ಲಿ ಪಿಸುಗುಡುವ ಅಗತ್ಯವೇ ಇರುವುದಿಲ್ಲ. ಹಾಗೆಯೇ, ಆ ಸದಸ್ಯರು ಹೊಸದಾಗಿ ಕಲಿತು ಬೇಗ ಸುಧಾರಿಸುತ್ತಿರುವವರಾಗಿದ್ದರೆ 44 ಅಂಕ ಪೂರ್ತಿ ಪ್ರಾಮಾಣಿಕವೂ ಆಗಿರಬಹುದು. ಕಾರ್ಡುಗಳನ್ನು ನೋಡುವ ಮೊದಲೇ ಅವರ ಮೇಲೆ ಆರೋಪ ಹೊರಿಸಬೇಡಿ.

ದೊಡ್ಡ ವೇದಿಕೆಗಳಲ್ಲೂ ಇದು ನಡೆದಿದೆ. 1995ರಲ್ಲಿ ಅಮೆರಿಕದ ಪೆಬಲ್ ಬೀಚ್‌ನಲ್ಲಿ ವೃತ್ತಿಪರರೂ ಹವ್ಯಾಸಿಗಳೂ ಜೋಡಿಯಾಗಿ ಆಡುವ ಪಂದ್ಯವನ್ನು ಗೆದ್ದ ಜೋಡಿಯಲ್ಲಿ 15 ಹ್ಯಾಂಡಿಕ್ಯಾಪ್ ಎಂದು ಹೇಳಿಕೊಂಡ ಜಪಾನಿ ಉದ್ಯಮಿಯೊಬ್ಬರಿದ್ದರು. ಅವರ ನಿಜವಾದ ಆಟ ಅದಕ್ಕಿಂತ ಬಹಳ ಮೇಲಿನದೆಂದು ತಿಳಿದುಬಂದು, ತಿಂಗಳುಗಳ ನಂತರ ಆ ಗೆಲುವನ್ನು ರದ್ದುಮಾಡಲಾಯಿತು. ಟ್ರೋಫಿ ಕೊಟ್ಟಾಯಿತು, ಇನ್ನೇನು ಮಾಡುವುದು ಎಂದು ಕೈಚೆಲ್ಲುವ ನಮ್ಮ ಸಮಿತಿಗಳು ಇದನ್ನು ಗಮನಿಸಬೇಕು.

ಪ್ರಶ್ನೆ: ಒಂದು ಪಂದ್ಯದಲ್ಲಿ ನಮ್ಮ ಕಚೇರಿಯ ಹಿರಿಯರಿಗೆ ನಾನು ಮಾರ್ಕರ್ (ಆಟಗಾರರ ಹೊಡೆತಗಳನ್ನು ಬರೆದು ಕಾರ್ಡಿಗೆ ಸಹಿ ಹಾಕುವವರು) ಆಗಿದ್ದೆ. ಪೊದೆಯ ಬಳಿಯ ಹೋಲ್‌ನಲ್ಲಿ ನನ್ನ ಎಣಿಕೆಗೆ ಏಳು ಬಂತು, ಅವರು ಐದು ಎಂದರು. ಸಂಕೋಚದಿಂದ ಐದು ಬರೆದು ಸಹಿ ಹಾಕಿದೆ. ನನ್ನದೂ ತಪ್ಪೇ?
(ಓದುಗರು, ಬೆಂಗಳೂರು)

ಉತ್ತರ: ಹೌದು, ನಿಮ್ಮದೂ ತಪ್ಪೇ. ಸುಳ್ಳೆಂದು ತಿಳಿದೂ ಸಹಿ ಹಾಕಿದ ಮಾರ್ಕರನ್ನು ಅನರ್ಹಗೊಳಿಸಬೇಕೆಂದು ನಿಯಮವೇ ಹೇಳುತ್ತದೆ. ನಿಜವಾದದ್ದಕ್ಕಿಂತ ಕಡಿಮೆ ಸಂಖ್ಯೆಯ ಕಾರ್ಡನ್ನು ಒಪ್ಪಿಸಿದ ಆಟಗಾರನೂ ಅನರ್ಹನಾಗುತ್ತಾನೆ. ಹೆಚ್ಚು ಬರೆದು ಒಪ್ಪಿಸಿದರೆ ಆ ಹೆಚ್ಚಿನ ಸಂಖ್ಯೆಯೇ ನಿಲ್ಲುತ್ತದೆ.

ಈ ನಿಯಮ ಎಷ್ಟು ನಿಷ್ಠುರವೆಂಬುದಕ್ಕೆ ಎರಡು ಪ್ರಸಂಗಗಳಿವೆ, ಎರಡರಲ್ಲೂ ಮೋಸದ ಲವಲೇಶವಿಲ್ಲ. 1957ರ ಅಮೆರಿಕ ಮಹಿಳಾ ಓಪನ್‌ನ ಕೊನೆಯ ಸುತ್ತಿನಲ್ಲಿ ಜ್ಯಾಕಿ ಪಂಗ್ ಅವರ ಕಾರ್ಡಿನ ನಾಲ್ಕನೇ ಹೋಲ್‌ನಲ್ಲಿ 6ರ ಬದಲು 5 ಎಂದು ನಮೂದಾಗಿತ್ತು. ಒಟ್ಟು ಮೊತ್ತ ಸರಿಯಾಗಿಯೇ ಇತ್ತು, ಆದರೂ ಅವರ ಗೆಲುವು ಕೈತಪ್ಪಿ ಪ್ರಶಸ್ತಿ ಬೆಟ್ಸಿ ರಾಲ್ಸ್ ಅವರಿಗೆ ಹೋಯಿತು. 1968ರ ಮಾಸ್ಟರ್ಸ್‌ನ ಕೊನೆಯ ದಿನ ಅರ್ಜೆಂಟೀನಾದ ರೊಬರ್ಟೊ ಡಿ ವಿಸೆಂಜೊ 17ನೇ ಹೋಲ್ ಅನ್ನು 3 ಹೊಡೆತಗಳಲ್ಲಿ ಮುಗಿಸಿದ್ದರೂ ಮಾರ್ಕರ್ 4 ಬರೆದಿದ್ದರು. ಗಮನಿಸದೆ ಸಹಿ ಹಾಕಿದ ಅವರ 65, 66 ಆಗಿ ನಿಂತು, ಬಾಬ್ ಗೋಲ್ಬಿಯೊಂದಿಗೆ ಆಡಬೇಕಿದ್ದ ಪ್ಲೇ-ಆಫ್ (ಸಮಬಲವಾದಾಗ ವಿಜೇತರನ್ನು ನಿರ್ಧರಿಸುವ ಹೆಚ್ಚುವರಿ ಆಟ) ತಪ್ಪಿಹೋಯಿತು. ಆ ದಿನ ಅವರ 45ನೇ ಹುಟ್ಟುಹಬ್ಬ ಬೇರೆ.

ಹಿರಿಯರೆದುರು ಬಾಯಿ ತೆರೆಯುವುದು ಹೇಗೆ ಎಂಬ ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಮುಂದಿನ ಟೀಗೆ ಹೋಗುವ ಮೊದಲೇ, “ಸರ್, ಬರೆದುಕೊಳ್ಳುವ ಮುಂಚೆ ಟೀಯಿಂದ ಒಮ್ಮೆ ಎಣಿಸೋಣವೇ?” ಎಂದು ಕೇಳಿ. ಹೊಡೆತಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳುವಾಗ ನಿಜವಾಗಿ ಮರೆತವರು ತಾವೇ ತಿದ್ದಿಕೊಳ್ಳುತ್ತಾರೆ. ಆಮೇಲೂ ಒಮ್ಮತವಾಗದಿದ್ದರೆ ಸಹಿ ಹಾಕದೆ ವಿಷಯವನ್ನು ಸಮಿತಿಯ ಮುಂದಿಡಿ. ತೀರ್ಮಾನ ಅವರಿಗೆ ಬಿಟ್ಟದ್ದು.

ಪ್ರಶ್ನೆ: ನಮ್ಮ ಕಂಪನಿಯ ಪಂದ್ಯದಲ್ಲಿ ಹೆಚ್ಚಿನವರಿಗೆ ಹ್ಯಾಂಡಿಕ್ಯಾಪ್ ಇಲ್ಲ. ಡಬಲ್ ಪಿಯೋರಿಯಾ ಪದ್ಧತಿ ನಂಬಬಹುದೇ?
(ಓದುಗರು, ಹುಬ್ಬಳ್ಳಿ)

ಉತ್ತರ: ಸಂಜೆಯ ಊಟಕ್ಕೆ ಮುಂಚಿನ ಮೋಜಿಗೆ ನಂಬಬಹುದು. ಒಟ್ಟು ಪಾರ್ 48 ಬರುವಂತೆ ಗುಟ್ಟಾಗಿ ಆರಿಸಿದ 12 ಹೋಲ್‌ಗಳ ಹೊಡೆತಗಳನ್ನು ಕೂಡಿ, ಒಂದೂವರೆಯಿಂದ ಗುಣಿಸಿ, ಇಡೀ ಸುತ್ತಿನ ಪಾರ್ ಆದ 72 ಕಳೆದು, ಉಳಿದದ್ದರ ಶೇ 80ನ್ನು ಆ ದಿನದ ಹ್ಯಾಂಡಿಕ್ಯಾಪ್ ಎನ್ನುತ್ತಾರೆ. ಯಾವ ಹೋಲ್‌ಗಳೆಂದು ಯಾರಿಗೂ ತಿಳಿಯದ ಕಾರಣ ಯೋಜಿಸಿ ಮೋಸ ಮಾಡಲಾಗದು, ಆದರೆ ಗೆಲ್ಲುವುದು ಬಹುಪಾಲು ಅದೃಷ್ಟ. ಬೆಲೆಬಾಳುವ ಬಹುಮಾನಗಳನ್ನು ಇದರ ಮೇಲೆ ಇಡಬೇಡಿ. ಹ್ಯಾಂಡಿಕ್ಯಾಪ್ ಪಂದ್ಯಗಳಲ್ಲಿ ಹವ್ಯಾಸಿಗಳು ನಗದು ಬಹುಮಾನ ಪಡೆಯುವಂತಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ: ನಾನು ಕ್ಯಾಡಿ, ಆಟಗಾರರ ಚೀಲ ಹೊರುವವನು. ರಫ್‌ನಲ್ಲಿ (ಉದ್ದ ಹುಲ್ಲಿನ ಜಾಗದಲ್ಲಿ) ಚೆಂಡು ಸಿಗದಿದ್ದರೆ ಒಬ್ಬ ಸಾಹೇಬರು ಮೆಲ್ಲಗೆ ಇನ್ನೊಂದು ಚೆಂಡು ಬೀಳಿಸು ಎನ್ನುತ್ತಾರೆ. ಒಲ್ಲೆನೆಂದರೆ ಮುಂದೆ ನನ್ನನ್ನು ಕರೆಯುವುದಿಲ್ಲ. ಏನು ಮಾಡಲಿ?

ಉತ್ತರ: ಆಟದ ವೇಳೆ ನೀವು ಮಾಡಿದ್ದಕ್ಕೆ ನಿಯಮದ ಪ್ರಕಾರ ಹೊಣೆ ಸಾಹೇಬರದೇ, ದಂಡವೂ ಅವರಿಗೇ. ಆದರೂ ಸಿಕ್ಕಿಬಿದ್ದ ದಿನ ಕೆಲಸ ಕಳೆದುಕೊಳ್ಳುವವರು ನೀವೇ ಎಂದು ನನಗೆ ಗೊತ್ತು, ಆದ್ದರಿಂದ ಧೈರ್ಯದ ಉಪದೇಶ ಮಾಡುವುದಿಲ್ಲ. ಮೊದಲ ಟೀಯಲ್ಲೇ ಎಲ್ಲರ ಚೆಂಡಿನ ಕಂಪನಿ, ಸಂಖ್ಯೆ ಮತ್ತು ಗುರುತನ್ನು ಪರಸ್ಪರ ಹೇಳಿಕೊಳ್ಳುವ ರೂಢಿಯನ್ನು ಮಾರ್ಕರ್‌ಗಳು ತರಬೇಕು, ಅದನ್ನು ಸಮಿತಿಗಳಿಗೆ ಹೇಳುತ್ತಿದ್ದೇನೆ. ನಿಮ್ಮ ಮಟ್ಟಿಗೆ ಇಷ್ಟು ಮಾಡಬಹುದು. 2019ರಿಂದ ಚೆಂಡು ಹುಡುಕಲು ಮೂರು ನಿಮಿಷ ಮಾತ್ರ ಅವಕಾಶವಿದೆ. ಸಾಹೇಬರು ಮೆಲ್ಲಗೆ ಹೇಳಿದ ಕೂಡಲೇ ನೀವು ಗಟ್ಟಿಯಾಗಿ, “ಇನ್ನೂ ಸಮಯ ಇದೆ ಸರ್, ಹುಡುಕ್ತೀನಿ” ಎನ್ನಿ. ಆ ಗುಂಪಿನ ಉಳಿದ ಮೂವರೂ ಹುಡುಕಲು ಅಲ್ಲಿಗೇ ಬರುತ್ತಾರೆ.