ಡಿಸ್ನಿಲ್ಯಾಂಡ್ ಕೆಟ್ಟಿತೇ, ನಮಗೆ ವಯಸ್ಸಾಯಿತೇ?

ಸಂಪಾದಕರ ಉತ್ತರ

ವಿರಾಜಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರು ಬರೆದಿರುವ ದೀರ್ಘ ಪತ್ರದ ಸಾರ ಇದು: ‘ಕಾಫಿಗೆ ಒಳ್ಳೆಯ ಬೆಲೆ ಸಿಕ್ಕಿದ 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದ ತಮ್ಮನ ಮನೆಗೆ ಹೋಗಿದ್ದೆವು. ಆಗ ಮಗಳನ್ನು ಡಿಸ್ನಿಲ್ಯಾಂಡ್‌ಗೆ ಕರೆದುಕೊಂಡು ಹೋಗಿದ್ದೆ. ನಲವತ್ತು ಡಾಲರಿಗೂ ಕಡಿಮೆ ಟಿಕೆಟ್. ಬೆಳಗ್ಗೆ ಒಳಹೊಕ್ಕರೆ ರಾತ್ರಿವರೆಗೆ ಎಲ್ಲ ಆಟವೂ ನಮ್ಮದೇ. ಕಳೆದ ವರ್ಷ ಅದೇ ಮಗಳು ತನ್ನ ಮಗನ ಜೊತೆ ನಮ್ಮನ್ನೂ ಅಲ್ಲಿಗೆ ಕರೆದೊಯ್ದಳು. ದಿನವಿಡೀ ಅವಳ ಕಣ್ಣು ಮೊಬೈಲ್ ಮೇಲೆಯೇ. ಹೆಚ್ಚಿಗೆ ದುಡ್ಡು ಕೊಟ್ಟವರು ನಮ್ಮ ಕಣ್ಣೆದುರೇ ಮುಂದೆ ಹೋದರು. ಮರದ ದಿಮ್ಮಿಯಲ್ಲಿ ಕೂತು ನೀರಿಗೆ ಜಾರುವ ಆಟದ ಹೆಸರು, ಕಥೆ ಎರಡೂ ಬದಲಾಗಿವೆ. ಮೊಮ್ಮಗ ಮಾತ್ರ ‘ರೈಸ್ ಆಫ್ ದ ರೆಸಿಸ್ಟೆನ್ಸ್’ ಎಂಬ ಆಟದ ಹೆಸರು ಹೇಳಿ, ಇಂಥ ಜಾಗ ಭೂಮಿ ಮೇಲೆ ಇನ್ನೊಂದಿಲ್ಲ ಅನ್ನುತ್ತಾನೆ. ಜಾಗ ಕೆಟ್ಟಿತೋ, ನನಗೆ ವಯಸ್ಸಾಯಿತೋ, ನೀವೇ ಹೇಳಿ.’

ಮಾನ್ಯರೇ,

ನಿಮಗೆ ವಯಸ್ಸಾಯಿತು ಎಂದು ಹೇಳಿ ಪತ್ರ ಮಡಿಚಿಡುವುದು ಸುಲಭ. ಹಿರಿಯರು ಹಳೆಯದನ್ನು ಹೊಗಳಿದಾಗಲೆಲ್ಲ ಕಿರಿಯರು ಕೊಡುವ ಉತ್ತರ ಅದೇ. ಆದರೆ ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದಾಗ ಅದರಲ್ಲಿ ಎರಡು ಬೇರೆ ಬೇರೆ ದೂರುಗಳು ಬೆರೆತಿರುವುದು ಕಂಡಿತು. ಒಂದು ಆಟಗಳ ಬಗ್ಗೆ. ಅದನ್ನು ನಾನು ಒಪ್ಪಲಾರೆ. ಇನ್ನೊಂದು ಕ್ಯೂ ಬಗ್ಗೆ. ಅದರಲ್ಲಿ ನಾನು ಪೂರ್ತಿಯಾಗಿ ನಿಮ್ಮ ಪರ.

ನೀವು ನೋಡಿದ 1997 ಆ ಜಾಗದ ಒಳ್ಳೆಯ ಕಾಲವೇನೂ ಅಲ್ಲ. ನೀವು ಹೋಗುವಷ್ಟರಲ್ಲೇ ಕೆಲವು ಒಳ್ಳೆಯವು ಹೋಗಿಬಿಟ್ಟಿದ್ದವು. ತಲೆಯ ಮೇಲೆ ತಂತಿಯಲ್ಲಿ ತೇಲುತ್ತಿದ್ದ ‘ಸ್ಕೈವೇ’ ತೊಟ್ಟಿಲುಗಳು 1994ರಲ್ಲೇ ನಿಂತಿದ್ದವು. ಟುಮಾರೋಲ್ಯಾಂಡ್ ಭಾಗದ ಮೇಲೆ ಎತ್ತರದಲ್ಲಿ ಮೆಲ್ಲಗೆ ಸುತ್ತುತ್ತಿದ್ದ ‘ಪೀಪಲ್‌ಮೂವರ್’ 1995ರಲ್ಲಿ ನಿಂತಿತು. 1998ರಲ್ಲಿ ಅದೇ ಹಳಿಯ ಮೇಲೆ ‘ರಾಕೆಟ್ ರಾಡ್ಸ್’ ಎಂಬ ವೇಗದ ಗಾಡಿ ಬಿಟ್ಟರು. ನಿಧಾನದ ಗಾಡಿಗೆಂದು ಕಟ್ಟಿದ ದಾರಿ ಅದು, ತಿರುವುಗಳಲ್ಲಿ ವಾಲು ಕೊಟ್ಟಿರಲಿಲ್ಲ. ಪ್ರತಿ ತಿರುವಿಗೂ ಬ್ರೇಕ್ ಹಾಕಿ, ಆಮೇಲೆ ಮತ್ತೆ ವೇಗ ಹಿಡಿಯಬೇಕು. ಟೈರು ಸವೆದು, ಪದೇ ಪದೇ ಕೆಟ್ಟು, 2000ದಲ್ಲಿ ಅದೂ ನಿಂತಿತು. ಆ ಹಳಿ ಇಂದಿಗೂ ಖಾಲಿಯಾಗಿ ನಿಂತಿದೆ, ಕಳೆದ ವರ್ಷ ನೀವು ಅದರ ಕೆಳಗೇ ನಡೆದು ಹೋಗಿರಬೇಕು. 2001ರಲ್ಲಿ ಎದುರಿಗೇ ತೆರೆದ ಎರಡನೇ ಪಾರ್ಕು, ಕ್ಯಾಲಿಫೋರ್ನಿಯಾ ಅಡ್ವೆಂಚರ್, ಜನರಿಗೆ ಹಿಡಿಸಲಿಲ್ಲ. ಎಲ್ಲಕ್ಕಿಂತ ದೊಡ್ಡ ನೋವು 2003ರದ್ದು. ಬಿಗ್ ಥಂಡರ್ ಎಂಬ ಗಣಿ ರೈಲಿನ ಆಟದಲ್ಲಿ ಅಪಘಾತವಾಗಿ ಒಬ್ಬ ಯುವಕ ತೀರಿಕೊಂಡ. ನಿರ್ವಹಣೆಯ ಲೋಪವೇ ಕಾರಣವೆಂದು ರಾಜ್ಯ ಸರ್ಕಾರದ ತನಿಖೆ ಹೇಳಿತು. ಆಟ ನಡೆಸುವವರಿಗೆ ಇದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ.

ಅಲ್ಲಿಂದ ಜಾಗ ಮೇಲೆದ್ದಿತು. 2005ರಲ್ಲಿ ಐವತ್ತು ತುಂಬುವ ಹೊತ್ತಿಗೆ ಇಡೀ ಪಾರ್ಕಿಗೆ ಬಣ್ಣ ಬಂತು. ಸ್ಪೇಸ್ ಮೌಂಟನ್‌ನ ಹಳಿಯನ್ನೇ ಕಿತ್ತು ಹೊಸದಾಗಿ ಹಾಕಿದರು. ನೀವು ಮಗಳೊಂದಿಗೆ ಕೂತಿದ್ದ ಜಲಾಂತರ್ಗಾಮಿ 1998ರಲ್ಲಿ ನಿಂತಿತ್ತು, 2007ರಲ್ಲಿ ಹೊಸ ಕಥೆ ಹೊತ್ತು ಮತ್ತೆ ನೀರಿಗಿಳಿಯಿತು. ಎದುರಿನ ಪಾರ್ಕನ್ನೂ ಬಹುಪಾಲು ಬದಲಿಸಿ ಕಟ್ಟಿದರು. ಹಾಗಾಗಿ 1997ರಿಂದ ಈಚೆಗೆ ಎಲ್ಲವೂ ಇಳಿಜಾರು ಎನ್ನುವ ಮಾತು ನಿಲ್ಲುವುದಿಲ್ಲ.

ನಿಮ್ಮ ದಿಮ್ಮಿ ಆಟದ ವಿಷಯ. ‘ಸ್ಪ್ಲಾಶ್ ಮೌಂಟನ್’ 1989ರಲ್ಲಿ ಶುರುವಾದದ್ದು. 1946ರ ಒಂದು ಡಿಸ್ನಿ ಚಿತ್ರದ ಪಾತ್ರಗಳು ಅದರಲ್ಲಿದ್ದವು. ಕಪ್ಪು ಜನರನ್ನು ಆ ಚಿತ್ರ ತೋರಿಸಿದ ರೀತಿಗೆ ಅಮೆರಿಕದಲ್ಲಿ ಮೊದಲಿನಿಂದಲೂ ಆಕ್ಷೇಪವಿತ್ತು, ಕಂಪನಿಯೇ ಅದನ್ನು ಅಲ್ಲಿ ಹೊರಗೆ ತರುವುದನ್ನು ಬಿಟ್ಟು ಬಹಳ ಕಾಲವಾಗಿದೆ. 2023ರ ಮೇ ಕೊನೆಗೆ ಆಟ ಮುಚ್ಚಿ, 2024ರ ನವೆಂಬರಿನಲ್ಲಿ ಟಿಯಾನಾ ಎಂಬ ಕಪ್ಪು ರಾಜಕುಮಾರಿಯ ಕಥೆಯೊಂದಿಗೆ ತೆರೆದರು. ನೀರು ಅದೇ, ಐವತ್ತು ಅಡಿ ಮೇಲಿಂದ ಜಾರುವ ಜಾರುವಿಕೆ ಅದೇ, ಮೈ ಒದ್ದೆಯಾಗುವುದೂ ಅದೇ. ಹಳೆಯ ಆಟದ ಹಾಡುವ ಗೊಂಬೆಗಳಲ್ಲಿ ಬಹಳಷ್ಟು ಅದಕ್ಕೂ ಮೊದಲಿದ್ದ, 1988ರಲ್ಲಿ ಮುಚ್ಚಿದ ಇನ್ನೊಂದು ಪ್ರದರ್ಶನದಿಂದ ತಂದವು. ನೀವು ಹಳೆಯದು ಎಂದು ಹಂಬಲಿಸುವುದೂ ಒಂದು ಕಾಲಕ್ಕೆ ಬೇರೊಂದರ ಜಾಗಕ್ಕೆ ಬಂದದ್ದೇ. ಈ ಪಾರ್ಕು ಎಂದೂ ಪೂರ್ತಿಯಾಗದು ಎಂದು ಸ್ವತಃ ವಾಲ್ಟ್ ಡಿಸ್ನಿ ಹೇಳಿದ್ದರು. ಕಥೆ ಬದಲಾದದ್ದನ್ನು ನಾನು ತಪ್ಪೆನ್ನಲಾರೆ, ಒಬ್ಬ ಕಪ್ಪು ಹುಡುಗಿ ತನ್ನ ರಾಜಕುಮಾರಿಯನ್ನು ಅಲ್ಲಿ ನೋಡುವುದು ನನಗೆ ಸಂತೋಷದ ಸಂಗತಿ.

ಮೊಮ್ಮಗನ ಮಾತಿಗೂ ಕಿವಿಗೊಡಿ. ಅವನು ಹೇಳುವ ‘ರೈಸ್ ಆಫ್ ದ ರೆಸಿಸ್ಟೆನ್ಸ್’ 2020ರ ಜನವರಿಯಲ್ಲಿ ಅಲ್ಲಿ ತೆರೆದ ಆಟ. ಗಾಡಿಗೆ ಹಳಿಯೇ ಇಲ್ಲ, ನೆಲದ ಮೇಲೆ ತಾನೇ ದಾರಿ ಹಿಡಿದು ಹೋಗುತ್ತದೆ, ಹಿಂದಕ್ಕೂ ಬರುತ್ತದೆ, ಪಕ್ಕದ ಗಾಡಿಯಿಂದ ಬೇರಾಗಿ ಮತ್ತೆ ಬಂದು ಸೇರುತ್ತದೆ. 1963ರಲ್ಲಿ ಯಂತ್ರದ ಹಕ್ಕಿಗಳು ಕೊಕ್ಕು ಅಲ್ಲಾಡಿಸಿ ಹಾಡಿದ್ದಕ್ಕೆ ಜನ ಬೆರಗಾದ ಜಾಗವೇ ಇದು. ಅಷ್ಟು ದೂರ ಬಂದಿರುವುದನ್ನು ಕಂಡು ಒಂದು ಮಗು ಕುಣಿದರೆ ಅವನು ಸರಿ.

ಇನ್ನು ಕ್ಯೂ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ನಿಮ್ಮ ಪತ್ರದ ನೋವು ಇರುವುದು ಇಲ್ಲೇ.

1955ರ ಜುಲೈ 17ರಂದು ಶುರುವಾದಾಗ ಒಳಗೆ ಹೋಗಲು ದೊಡ್ಡವರಿಗೆ ಒಂದು ಡಾಲರ್, ಪ್ರತಿ ಆಟಕ್ಕೆ ಬೇರೆ ಟಿಕೆಟ್. ಆಮೇಲೆ ಕೂಪನ್ ಪುಸ್ತಕ ಬಂತು. ಎ ಎಂದರೆ ಸಣ್ಣ ಆಟ. 1959ರಲ್ಲಿ ಬಂದ ಇ ಕೂಪನ್ ಎಂದರೆ ಎಲ್ಲಕ್ಕಿಂತ ದೊಡ್ಡ ಆಟ. 1982ರಲ್ಲಿ ಪುಸ್ತಕ ಹೋಗಿ ಎಲ್ಲಕ್ಕೂ ಒಂದೇ ಟಿಕೆಟ್ ಆಯಿತು. ಆಗಲೂ ಹಣವಿದ್ದವನು ಹೆಚ್ಚು ಇ ಕೂಪನ್ ಕೊಳ್ಳುತ್ತಿದ್ದನಲ್ಲವೇ ಎಂದು ಯಾರಾದರೂ ಕೇಳಬಹುದು. ಕೊಳ್ಳುತ್ತಿದ್ದ, ಹೌದು. ಆದರೆ ಆ ಕೂಪನ್ ಹಿಡಿದು ನಿಲ್ಲಬೇಕಾದದ್ದು ಎಲ್ಲರೂ ನಿಂತ ಅದೇ ಕ್ಯೂನಲ್ಲಿ. ಬ್ಯಾಂಕಿನ ಮಾಲೀಕ, ಬಸ್ಸಿನ ಚಾಲಕ ಇಬ್ಬರಿಗೂ ಕಾಯುವ ಹೊತ್ತು ಒಂದೇ.

ಆ ಕಾಲದ ಆಟಗಳನ್ನು ಕಟ್ಟಿದ ರೀತಿಯಲ್ಲೂ ಒಂದು ಮರ್ಯಾದೆ ಇತ್ತು. 1969ರ ಹಾಂಟೆಡ್ ಮ್ಯಾನ್ಶನ್‌ನಲ್ಲಿ ಗಾಡಿಗಳು ನಿಲ್ಲುವುದೇ ಇಲ್ಲ. ಒಂದಕ್ಕೊಂದು ಸೇರಿದ ಸರಪಳಿಯಂತೆ ಸಾಗುತ್ತಲೇ ಇರುತ್ತವೆ, ನಾವು ಚಲಿಸುವ ಪಟ್ಟಿಯ ಮೇಲೆ ಹೆಜ್ಜೆಯಿಟ್ಟು ಕೂತುಬಿಡಬೇಕು. 1967ರ ಪೈರೇಟ್ಸ್ ಆಟದಲ್ಲಿ ದೋಣಿಯ ಹಿಂದೆ ದೋಣಿ. ಕ್ಯೂ ಉದ್ದವಿದ್ದರೂ ಕಾಲು ಸರಿಯುತ್ತಿರುತ್ತದೆ. ಪೀಪಲ್‌ಮೂವರ್ ಕೂಡ ಹಾಗೇ, ಕಾಯದೆ ಹತ್ತಿ ಹದಿನೈದು ನಿಮಿಷ ಕೂತು ಕಾಲಿನ ನೋವು ಕಳೆಯುವ ಗಾಡಿ. ಅಂಥವನ್ನು ತೆಗೆದಾಗ ಅಲ್ಲಿ ಕೂರುತ್ತಿದ್ದ ಜನ ಎಲ್ಲಿ ಹೋಗಬೇಕು? ಇನ್ನೊಂದು ಆಟದ ಕ್ಯೂಗೆ. ಕಾಯುವ ಹೊತ್ತು ಬೆಳೆದದ್ದಕ್ಕೆ ಜನ ಹೆಚ್ಚಾದದ್ದು ಒಂದೇ ಕಾರಣವಲ್ಲ.

1999ರಲ್ಲಿ ಫಾಸ್ಟ್‌ಪಾಸ್ ಬಂತು. ಆಟದ ಮುಂದಿನ ಯಂತ್ರಕ್ಕೆ ಟಿಕೆಟ್ ತೂರಿಸಿದರೆ ‘ಇಷ್ಟು ಗಂಟೆಗೆ ಬನ್ನಿ’ ಎಂಬ ಚೀಟಿ ಬರುತ್ತಿತ್ತು. ದುಡ್ಡಿಲ್ಲ. ಬೇಗ ಎದ್ದು ಬಂದವನಿಗೆ ಲಾಭ, ಅಷ್ಟೇ. 2017ರಲ್ಲಿ ಹತ್ತು ಡಾಲರ್ ಕೊಟ್ಟರೆ ಆ ಚೀಟಿ ಮೊಬೈಲ್‌ಗೇ ಬರುವ ವ್ಯವಸ್ಥೆಯಾಯಿತು. ಕೊರೊನಾಗೆ ಮುಚ್ಚಿ ಮತ್ತೆ ತೆರೆದ 2021ರ ಕೊನೆಗೆ ಉಚಿತ ಚೀಟಿ ಪೂರ್ತಿ ಹೋಯಿತು, ಚಿಕ್ಕ ಕ್ಯೂಗೆ ದರ ನಿಗದಿಯಾಯಿತು. ಲೈಟ್ನಿಂಗ್ ಲೇನ್ ಎಂದು ಅದರ ಹೆಸರು. ಮೊಮ್ಮಗನ ಮೆಚ್ಚಿನ ಆಟಕ್ಕೆ ಬೇರೆಯೇ ದುಡ್ಡು. 2024ರಿಂದ ಒಬ್ಬರಿಗೆ ನೂರಾರು ಡಾಲರಿನ ಇನ್ನೂ ಮೇಲಿನ ದರ್ಜೆಯೂ ಇದೆ.

ನಾನೂ ಅಲ್ಲಿಗೆ ಹೋಗಿ ಬಂದವನು. ಇಂಡಿಯಾನಾ ಜೋನ್ಸ್ ಆಟದ ಕ್ಯೂ ಕಣ್ಣಿಗೆ ಕಟ್ಟಿದಂತಿದೆ. 1995ರಲ್ಲಿ ಅದನ್ನು ಕಟ್ಟಿದವರು ಕಾಯುವುದನ್ನೇ ಆಟ ಮಾಡಿದ್ದರು. ಗುಹೆ, ಕಲ್ಲಿನ ದೇಗುಲ, ಒಂದು ಕೋಣೆಯಲ್ಲಿ ಚಾವಣಿಗೆ ಆನಿಸಿದ ಬಿದಿರಿನ ಕಂಬ. ಅದನ್ನು ಅಲ್ಲಾಡಿಸಿದರೆ ಚಾವಣಿ ಕುಸಿಯುವ ಸದ್ದು. ಮುಂದೆ ಒಂದು ಬಾವಿ, ಹಗ್ಗ ಎಳೆದರೆ ಕೆಳಗಿನಿಂದ ಯಾರೋ ಕೂಗುತ್ತಾರೆ. ಮಕ್ಕಳು ಹಗ್ಗಕ್ಕೆ ಜೋತುಬಿದ್ದು ನಗುತ್ತಿದ್ದರು. ಅದನ್ನು ದಾಟಿ ಎರಡು ಕ್ಯೂ ಸೇರುವ ಜಾಗಕ್ಕೆ ಬಂದೆವು. ಅಲ್ಲೊಬ್ಬ ಕೆಲಸದ ಹುಡುಗಿ, ಕೈ ಅಡ್ಡ ಹಿಡಿದು ನಮ್ಮನ್ನು ನಿಲ್ಲಿಸಿ ಹಣ ಕೊಟ್ಟವರ ಕಡೆಯಿಂದ ದೊಡ್ಡ ಗುಂಪು ಬಿಟ್ಟಳು, ಆಮೇಲೆ ನಮ್ಮಿಂದ ಕೆಲವರನ್ನು, ಮತ್ತೆ ಅತ್ತಲಿಂದ ದೊಡ್ಡ ಗುಂಪು. ನನ್ನ ಮುಂದಿದ್ದ ಪುಟ್ಟ ಹುಡುಗ ಅಪ್ಪನ ಅಂಗಿ ಜಗ್ಗಿ ಏನೋ ಕೇಳಿದ. ಅಪ್ಪ ಉತ್ತರ ಕೊಡದೆ ಗೋಡೆ ನೋಡಿದ. ಆ ಅಪ್ಪನ ಮುಖ ನೋಡಿ ನನಗೆ ಸಿಟ್ಟು ಬಂತು, ಇವತ್ತಿಗೂ ಆ ಸಿಟ್ಟು ಇಳಿದಿಲ್ಲ. ದೂರದೂರಿನಿಂದ ದುಡ್ಡು ಕೂಡಿಟ್ಟು ಬಂದವನನ್ನು ಮಗನ ಎದುರು ಹಾಗೆ ನಿಲ್ಲಿಸಬಾರದು.

ಅದಕ್ಕೇ ಹೇಳುತ್ತೇನೆ, ಮಗಳ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಅವಳು ಮೊಬೈಲ್ ಹಿಡಿದದ್ದು ನಿಮ್ಮನ್ನೂ ಮಗನನ್ನೂ ಬಿಸಿಲಲ್ಲಿ ನಿಲ್ಲಿಸಬಾರದೆಂದು. ಯಾವ ಆಟಕ್ಕೆ ಎಷ್ಟು ಗಂಟೆಗೆ ಜಾಗ ಸಿಗುತ್ತದೆ, ಮುಂದಿನದನ್ನು ಯಾವಾಗ ಹಿಡಿಯಬೇಕು, ಊಟಕ್ಕೆ ಮೊದಲೇ ಹೇಳಿಡಬೇಕೇ – ಒಂದು ಕಾಲಕ್ಕೆ ಪಾರ್ಕಿನವರ ತಲೆಯ ಮೇಲಿದ್ದ ಈ ಲೆಕ್ಕವೆಲ್ಲ ಈಗ ಮನೆಯ ಹೆಣ್ಣುಮಗಳ ತಲೆಯ ಮೇಲೆ. ಅವಳಿಗೆ ಆ ದಿನ ರಜೆಯೇ ಇರಲಿಲ್ಲ.

ಇದನ್ನು ನಮ್ಮೂರಿನಲ್ಲಿಟ್ಟು ನೋಡೋಣ. ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ಹತ್ತು ದೇವಸ್ಥಾನಗಳ ದಶಮಂಟಪ ಹೊರಡುತ್ತದೆ. ಟ್ರ್ಯಾಕ್ಟರಿನ ಮೇಲೆ ದೇವಲೋಕವೇ ಏಳುತ್ತದೆ. ಅಸುರನ ಕೈ ಮೇಲೆದ್ದು, ಕತ್ತು ತಿರುಗಿ, ಹೊಗೆಯ ನಡುವೆ ದೇವಿ ಮೂಡುತ್ತಾಳೆ. ಹಿಂದಿನ ಗಾಡಿಯಲ್ಲಿ ಜನರೇಟರ್ ಗುಡುಗುತ್ತಿರುತ್ತದೆ. ಡಿಸ್ನಿಲ್ಯಾಂಡ್‌ಗೆ ಯಂತ್ರದ ಗೊಂಬೆ ಮಾಡುವವರ ಕಸುಬೂ ನಮ್ಮ ಮಂಟಪ ಕಟ್ಟುವವರ ಕಸುಬೂ ಮೂಲದಲ್ಲಿ ಒಂದೇ ಎಂದು ನಾನು ತಿಳಿದಿದ್ದೇನೆ. ಇಲ್ಲೂ ಪ್ರತಿ ವರ್ಷ ನಿಮ್ಮದೇ ಪ್ರಶ್ನೆ ಏಳುತ್ತದೆ: ಹಿಂದಿನ ದಸರಾ ಚೆನ್ನಾಗಿತ್ತೋ, ಈಗಿನದೋ? ಶಬ್ದ ಹೆಚ್ಚಾಯಿತು ಎನ್ನುವ ಹಿರಿಯರ ಮಾತು ನಿಜ, ಆ ಬಗ್ಗೆ ಇದೇ ಪತ್ರಿಕೆ ಬರೆದಿದೆ. ಚಲಿಸುವ ಮೂರ್ತಿಗಳು ಹಿಂದೆಂದಿಗಿಂತ ಚೆನ್ನಾಗಿವೆ ಎನ್ನುವ ಹುಡುಗರ ಮಾತೂ ನಿಜ. ಈ ಜಗಳ ನಡೆಯಲಿ, ಅದರಿಂದ ದಸರಾಕ್ಕೆ ಕೇಡಿಲ್ಲ. ಆದರೆ ಮಂಟಪದ ಮುಂದೆ ಯಾರು ನಿಲ್ಲಬೇಕೆಂಬುದಕ್ಕೆ ಅಲ್ಲಿ ದರವಿಲ್ಲ. ಮೊದಲು ಬಂದವರು ಮುಂದೆ, ಹಿಂದಿದ್ದವರು ಮಗುವನ್ನು ಹೆಗಲಿಗೆ ಏರಿಸಿಕೊಳ್ಳುತ್ತಾರೆ. ತೋಟದ ಧಣಿ, ಲೈನ್ ಮನೆಯ ಕೂಲಿ ಇಬ್ಬರ ಕಾಲೂ ಅದೇ ಚಳಿಯಲ್ಲಿ ಮರಗಟ್ಟುತ್ತದೆ. ನಾಳೆ ಯಾರಾದರೂ ಆ ರಸ್ತೆಗೆ ಹಗ್ಗ ಕಟ್ಟಿ ಮುಂದಿನ ಸಾಲನ್ನು ಮಾರಲು ಹೊರಟರೆ, ಮಂಟಪ ಈಗಿನ ಎರಡರಷ್ಟು ಭವ್ಯವಾದರೂ ದಸರಾ ಕೆಟ್ಟಿತೆಂದೇ ಬರೆಯುತ್ತೇನೆ.

ಡಿಸ್ನಿಲ್ಯಾಂಡ್ ಬಗ್ಗೆ ನನ್ನ ತೀರ್ಪೂ ಅದೇ. ಆಟಗಳು ಮೇಲಾಗಿವೆ, ಅಲ್ಲಿ ಕಳೆಯುವ ದಿನ ಕೆಟ್ಟಿದೆ. ದರದ ಬಗ್ಗೆ ಒಂದು ಮಾತು ಸೇರಿಸಿ ಮುಗಿಸುತ್ತೇನೆ. ನೀವು ಹೋದಾಗಿನಿಂದ ಇಂದಿಗೆ ಅಮೆರಿಕದಲ್ಲಿ ಬೆಲೆಗಳು ಒಟ್ಟಾರೆ ಸುಮಾರು ಎರಡು ಪಟ್ಟಾಗಿವೆ. ನಿಮ್ಮ ಟಿಕೆಟ್ಟೂ ಹಾಗೇ ಬೆಳೆದಿದ್ದರೆ ಎಂಬತ್ತು ಡಾಲರಿನೊಳಗೆ ಇರಬೇಕಿತ್ತು. ಈಗ ಜನ ತೀರಾ ಕಡಿಮೆಯಿರುವ ದಿನಕ್ಕೇ 104 ಡಾಲರ್, ರಜಾ ದಿನಗಳಲ್ಲಿ 200 ದಾಟುತ್ತದೆ. ಅದರ ಮೇಲೆ ಚಿಕ್ಕ ಕ್ಯೂನ ದುಡ್ಡು ಬೇರೆ. ಹೀಗಾಗಿ ಅದು ದುಬಾರಿ ಎಂಬ ನಿಮ್ಮ ಅನಿಸಿಕೆ ವಯಸ್ಸಿನ ಗೊಣಗಾಟವಲ್ಲ, ಲೆಕ್ಕ.

ಮತ್ತೆ ಹೋಗುವುದಾದರೆ ಕೊಯ್ಲು, ಹೂಮಳೆ ಎರಡೂ ಮುಗಿದು, ಅಲ್ಲಿ ಈಸ್ಟರ್ ರಜೆಯೂ ಕಳೆದ ಮೇಲೆ ವಾರದ ನಡುವಿನ ದಿನ ನೋಡಿ ಹೊರಡಿ. ಬಾಗಿಲು ತೆರೆಯುವ ಮೊದಲೇ ಅಲ್ಲಿರಿ. ದುಡ್ಡಿನ ಕ್ಯೂ ಇಲ್ಲದ ಆಟಗಳು ಇನ್ನೂ ಉಳಿದಿವೆ: ಪೈರೇಟ್ಸ್ ದೋಣಿ, ಜಲಾಂತರ್ಗಾಮಿ, ಪಾರ್ಕಿನ ಸುತ್ತ ಓಡುವ ಹಬೆ ರೈಲು. ಒಂದು ಮಧ್ಯಾಹ್ನ ಅವುಗಳಲ್ಲೇ ಕಳೆಯಿರಿ, ಮಗಳ ಮೊಬೈಲ್ ಚೀಲಕ್ಕೆ ಹೋಗಲಿ. ಮೊಮ್ಮಗನಿಗೂ ನಮಗೊಂದು ಪತ್ರ ಬರೆಯಲು ಹೇಳಿ. ಅವನು ಕಂಡ ಡಿಸ್ನಿಲ್ಯಾಂಡ್ ಹೇಗಿತ್ತೆಂದು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ