ಮುಟ್ಟಿನ ದಿನ ಎಣಿಸಿ ಗರ್ಭ ತಡೆಯಬಹುದೇ? 'ಸೇಫ್ ದಿನ' ಎಷ್ಟು ಸೇಫ್?

ತಡೆಯಬಹುದು, ಆದರೆ ಪೂರ್ತಿ ನೆಚ್ಚಿಕೊಳ್ಳುವ ಹಾಗಿಲ್ಲ. ಹೀಗೆ ದಿನ ನೋಡಿ ನಡೆಯುವ 100 ಮಹಿಳೆಯರಲ್ಲಿ ವರ್ಷಕ್ಕೆ ಅಂದಾಜು 12ರಿಂದ 24 ಮಂದಿಗೆ ಗರ್ಭ ನಿಲ್ಲುತ್ತದೆ. ಕಾಪರ್-ಟಿ ಹಾಕಿಸಿಕೊಂಡವರಲ್ಲಿ ಒಬ್ಬರಿಗಿಂತ ಕಡಿಮೆ.

ಅಂಡ ಬದುಕುವುದು 24 ಗಂಟೆಯೊಳಗೆ, ವೀರ್ಯಾಣು ಮಾತ್ರ 5 ದಿನ ಕಾದು ಕೂರಬಲ್ಲದು. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಮುಂದಿನ ಮುಟ್ಟು ಯಾವತ್ತು ಅಂತ ಮೊದಲೇ ಹೇಳುವವರು ಯಾರು? ಎಡವಟ್ಟಾಗುವುದು ಅಲ್ಲೇ. 'ಮುಟ್ಟು ನಿಂತ ಮೇಲೆ ಒಂದು ವಾರ ಏನೂ ಆಗಲ್ಲ' ಎನ್ನುವ ಮಾತು ತಪ್ಪು: 24 ದಿನದ ಮುಟ್ಟಿನ ಚಕ್ರದಲ್ಲಿ 10ನೇ ದಿನಕ್ಕೇ ಅಂಡ ಬರಬಹುದು, 6ನೇ ದಿನ ಸೇರಿದರೂ ಗರ್ಭ ನಿಲ್ಲಬಹುದು.

ಚಕ್ರ ಪ್ರತಿ ಸಲ 26ರಿಂದ 32 ದಿನದೊಳಗೇ ಇದ್ದರೆ 8ರಿಂದ 19ನೇ ದಿನದವರೆಗೆ ದೂರವಿರಿ, ಇಲ್ಲವೇ ನಿರೋಧ್ ಬಳಸಿ. ಮುಟ್ಟಾದ ಮೊದಲ ದಿನವೇ 1. ಹೆರಿಗೆಯಾದ ಹೊಸದರಲ್ಲಿ, ಹಾಲುಣಿಸುವಾಗ, ಪಿಸಿಓಡಿ (ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ) ಇದ್ದಾಗ ಈ ಲೆಕ್ಕ ಬೇಡವೇ ಬೇಡ.

ಬೆಳಿಗ್ಗೆ ಏಳುವ ಮೊದಲು ಥರ್ಮಾಮೀಟರ್ ಇಟ್ಟು ನೋಡುವುದೂ ಉಂಟು. ಅಂಡ ಬಂದ ಮೇಲೆ ಮೈಶಾಖ 0.2 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ, ಆ ಏರಿಕೆ 3 ದಿನ ಹಾಗೇ ಉಳಿದರೆ ಆಮೇಲಿನ ದಿನಗಳು ಸೇಫ್ ಎಂಬ ಲೆಕ್ಕ. ಕಲಬುರಗಿ ಬೇಸಿಗೆಯಲ್ಲಿ ಕರೆಂಟ್ ಹೋಗಿ, ಮಾಳಿಗೆ ಮೇಲೆ ಅರೆನಿದ್ದೆ ಮಾಡಿದವರಿಗೆ ಇದು ಸರಿ ಹೊಂದದು.

ಮಕ್ಕಳು ಸದ್ಯಕ್ಕೆ ಬೇಡವೇ ಬೇಡ ಅಂದರೆ ಸರ್ಕಾರಿ ಆಸ್ಪತ್ರೆಯಲ್ಲಿ 3 ತಿಂಗಳಿಗೊಮ್ಮೆಯ 'ಅಂತರಾ' ಇಂಜೆಕ್ಷನ್, 'ಛಾಯಾ' ಮಾತ್ರೆ ಪುಕ್ಕಟೆ. ಊರಿನ ಆಶಾ ಅಕ್ಕನನ್ನು ಕೇಳಿ.