ಮಳೆ ಶುರುವಾದ ಮೇಲೆ ಮಂಗಳೂರಿನ ನಮ್ಮ ಮನೆಯಲ್ಲಿ ಗೋಡೆಗೆ ತಾಗಿಸಿಟ್ಟ ಅಪ್‌ರೈಟ್ ಪಿಯಾನೊದ ಬಲಗಡೆ ಪೆಡಲ್ ಬಿಗಿಯಾಗಿದೆ, ಒತ್ತಿದರೆ ನಿಧಾನಕ್ಕೆ ಮೇಲೇಳುತ್ತದೆ. ಎಣ್ಣೆ ಬಿಡಬಹುದೇ?

ಬೇಡ. ತುಕ್ಕು ಬಿಡಿಸುವ ಡಬ್ಲ್ಯುಡಿ-40 ಸ್ಪ್ರೇ ಅಂತೂ ಹತ್ತಿರವೂ ತರಬೇಡಿ. ಪೆಡಲ್ ತಿರುಗುವ ಜಾಗದಲ್ಲೆಲ್ಲ ಲೋಹದ ಜೊತೆಗೆ ಫೆಲ್ಟ್ (ಒತ್ತಿ ಮಾಡಿದ ದಪ್ಪ ಉಣ್ಣೆಬಟ್ಟೆ), ತೊಗಲು, ಮರ ಇರುತ್ತವೆ. ಎಣ್ಣೆಯನ್ನು ಅವು ಹೀರಿಕೊಳ್ಳುತ್ತವೆ, ಅದಕ್ಕೆ ಧೂಳು ಕೂತು ಅಂಟಾಗುತ್ತದೆ. ಸ್ವಲ್ಪ ದಿನ ಸಲೀಸು ಅನ್ನಿಸಿ ಆಮೇಲೆ ಮೊದಲಿಗಿಂತ ಬಿಗಿಯಾಗುತ್ತದೆ.

ಗೋಡೆಗೆ ತಾಗಿಸಿಡುವ ಅಪ್‌ರೈಟ್, ಊರು ಮಂಗಳೂರು ಅಂದಿದ್ದೀರಿ. ಹಾಗಾದರೆ ನನ್ನ ಮೊದಲ ಅನುಮಾನ ಉಬ್ಬಿದ ಮರದ ಮೇಲೆ.

ಮೊಣಕಾಲಿನ ಎದುರಿನ ದೊಡ್ಡ ಹಲಗೆಯನ್ನು ಸಾಮಾನ್ಯವಾಗಿ ಕೀಬೋರ್ಡಿನ ಅಡಿಯಲ್ಲಿರುವ ಸ್ಪ್ರಿಂಗ್ ಪಟ್ಟಿ ಹಿಡಿದಿರುತ್ತದೆ. ಪಟ್ಟಿಯನ್ನು ಮೇಲಕ್ಕೊತ್ತಿ ಹಲಗೆಯನ್ನು ನಿಮ್ಮ ಕಡೆ ವಾಲಿಸಿದರೆ ಕೈಗೆ ಬರುತ್ತದೆ. ಟಾರ್ಚ್ ಬಿಟ್ಟು ನೋಡಿ. ಪೆನ್ಸಿಲ್, ನಾಣ್ಯ, ಕೆಲವೊಮ್ಮೆ ಇಲಿ ಗೂಡೇ ಸಿಗುತ್ತದೆ. ಅಷ್ಟಕ್ಕೇ ಕೆಲಸ ಮುಗಿದರೆ ನಿಮ್ಮ ಅದೃಷ್ಟ.

ಪೆಡಲಿನ ಹಿಂದೆ ಒಂದು ಲಿವರ್, ಅದರಿಂದ ನೆಟ್ಟಗೆ ಮೇಲೆ ಹೋಗುವ ಮರದ ಕೋಲು. ತಂತಿಗಳ ಮೇಲೆ ಕೂತು ನಾದ ನಿಲ್ಲಿಸುವ ಡ್ಯಾಂಪರ್‌ಗಳನ್ನೆಲ್ಲ ಒಟ್ಟಿಗೆ ಎಬ್ಬಿಸುವುದು ಈ ಕೋಲೇ. ಲಿವರನ್ನು ತುಸು ಕೆಳಗೊತ್ತಿದರೆ ಹೆಚ್ಚಿನ ಪಿಯಾನೊಗಳಲ್ಲಿ ಕೋಲಿನ ಬುಡ ಪಿನ್ನಿನಿಂದ ಬಿಟ್ಟುಕೊಳ್ಳುತ್ತದೆ. ಕೋಲು ತೆಗೆದ ಮೇಲೂ ಪೆಡಲ್ ಬಿಗಿಯೇ ಇದ್ದರೆ ತೊಂದರೆ ಕೆಳಗಿದೆ. ಹಗುರವಾಗಿ ಆಡಿದರೆ ಕೋಲು ಹಾದುಹೋಗುವ ತೂತು ಅಥವಾ ಡ್ಯಾಂಪರ್‌ಗಳ ಕಡೆ ನೋಡಬೇಕು. ಇದನ್ನು ತಿಳಿಯದೆ ಯಾವುದಕ್ಕೂ ಏನನ್ನೂ ಹಚ್ಚಬೇಡಿ.

ಕೆಳಗೇ ಆಗಿದ್ದರೆ, ಪೆಡಲ್ ಹೊರಬರುವ ಸಂದಿನಲ್ಲಿ ಉಜ್ಜಿ ಹೊಳೆಯುವ ಗುರುತು ಇದೆಯೇ ನೋಡಿ. ಇದ್ದರೆ ಪೆಡಲಿನ ಬ್ರಾಕೆಟ್ ಸ್ಕ್ರೂ ಸಡಿಲಿಸಿ, ಪೆಡಲನ್ನು ಸಂದಿನ ಮಧ್ಯಕ್ಕೆ ಸರಿಸಿ, ಮತ್ತೆ ಬಿಗಿ ಮಾಡಿ. ಮರವನ್ನು ಉಪ್ಪುಕಾಗದದಿಂದ ತೀಡುವ ಆಸೆಯಾಗುತ್ತದೆ, ಕೈ ಬಿಗಿಹಿಡಿಯಿರಿ: ದೀಪಾವಳಿ ಕಳೆದು ಗಾಳಿ ಒಣಗಿದಾಗ ಅದೇ ಮರ ಕುಗ್ಗುತ್ತದೆ, ಆಗ ಗಡಗಡ ಅನ್ನುತ್ತದೆ. ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿದ್ದರೆ ಪೆಡಲನ್ನು ಹೊರಗೆ ಬಿಚ್ಚಿಕೊಂಡೇ ಉಜ್ಜಿ. ಆಮೇಲೆ ಉಜ್ಜಾಡುವ ಜಾಗಕ್ಕೆ ಮೃದು ಪೆನ್ಸಿಲಿನ ಗ್ರಾಫೈಟ್ ಪುಡಿ ಅಥವಾ ಟೆಫ್ಲಾನ್ ಪುಡಿ ಸಾಕು.

ಇಷ್ಟಾದರೂ ಮೇಲೇಳದಿದ್ದರೆ ಲಿವರಿನ ಸ್ಪ್ರಿಂಗ್ ಜಾರಿದೆಯೋ, ಸೋತಿದೆಯೋ ನೋಡಿ.

ಕೋಲು ಮತ್ತೆ ಕೂರಿಸಿದ ಮೇಲೆ ಪೆಡಲ್ ಮತ್ತು ಲಿವರ್ ಸೇರುವಲ್ಲಿರುವ, ಕೈಯಿಂದಲೇ ತಿರುಗಿಸುವ ರೆಕ್ಕೆ ನಟ್ಟನ್ನು ಹೊಂದಿಸಿ. ಡ್ಯಾಂಪರ್ ಏಳುವ ಮೊದಲು ಪೆಡಲ್ ಕೆಲವು ಮಿಲಿಮೀಟರ್ ಖಾಲಿ ಓಡಬೇಕು. ತೀರಾ ಬಿಗಿ ಮಾಡಿದರೆ ಡ್ಯಾಂಪರ್‌ಗಳು ತಂತಿಯ ಮೇಲೆ ಪೂರ್ತಿ ಕೂರದೆ ನಾದ ನಿಲ್ಲುವುದೇ ಇಲ್ಲ.

ತೊಂದರೆ ಡ್ಯಾಂಪರ್‌ಗಳಲ್ಲೇ ಇದ್ದರೆ ಪಿಯಾನೊ ಶ್ರುತಿ ಮಾಡುವ ಟ್ಯೂನರನ್ನು ಕರೆಸಿ. 88 ಕೀಗಳಲ್ಲಿ ತೀರಾ ಮೇಲಿನ ಸ್ವರದವು ಬಿಟ್ಟು ಉಳಿದ ಪ್ರತಿಯೊಂದಕ್ಕೂ ಡ್ಯಾಂಪರ್ ಇದೆ, ಪ್ರತಿಯೊಂದಕ್ಕೂ ಬಟ್ಟೆ ಸುತ್ತಿದ ಸಣ್ಣ ಪಿನ್ ಇದೆ. ತೇವಕ್ಕೆ ಆ ಬಟ್ಟೆ ಉಬ್ಬಿದರೆ ಸರಿಮಾಡುವುದು ಮನೆಯಲ್ಲಿ ಆಗುವ ಕೆಲಸವಲ್ಲ. ತೇವಕ್ಕೆಂದು ಒಳಗೆ ಬಲ್ಬ್ ಉರಿಸಿಡುವ ಹಳೇ ಪದ್ಧತಿಯನ್ನೂ ಯಾರಾದರೂ ಹೇಳಬಹುದು. ಒಣ ಮರ, ಫೆಲ್ಟ್ ನಡುವೆ ಬಿಸಿ ಬಲ್ಬ್ ನನಗಂತೂ ಒಪ್ಪಿಗೆಯಿಲ್ಲ. ಮಳೆನೀರು ಹೀರುವ ಹೊರಗೋಡೆಯಿಂದ ಪಿಯಾನೊವನ್ನು ಒಳಗೋಡೆಗೆ ಸರಿಸಿ.